ಬಳೆಯಾಟಕ್ಕೆ ಮೂರು ಎಂಜಿನ್

ಚನ್ನಗಿರಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಅಂಗಡಿಗಳ ಬಿಲ್ ಪುಸ್ತಕ, ಚುನಾವಣೆ ಬಂತೆಂದರೆ ಕರಪತ್ರ, ಇಷ್ಟೇ ನಮ್ಮ ಸಂಸಾರ. ತಸ್ಲೀಮ್ ಇಲ್ಲಿ ಕೆಲಸ ಕೇಳಿಕೊಂಡು ಬಂದದ್ದು ಅವಳು ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ. ತವರು ನ್ಯಾಮತಿ. ಹೊನ್ನಾಳಿಯ ಕಾಲೇಜಿನಲ್ಲಿ ಬಿ.ಕಾಂ. ಓದಿದ್ದಳು. ಗಂಡ ಸಾದಿಕ್ ಮನೆಗಳಿಗೆ ಅಲ್ಯೂಮಿನಿಯಂ ಕಿಟಕಿ ಕೂರಿಸುವವನು. ಅವನೇ ಬೈಕಿನಲ್ಲಿ ಕರೆತಂದು ಬಿಟ್ಟು, "ಕಂಪ್ಯೂಟರ್ ಮುಂದೆ ಕುಂದ್ರಿಸ್ರಿ ಬಸವರಾಜಪ್ಪಾರೆ, ಊಟ ಬಿಟ್ಟಾಳು, ಅದನ್ನ ಬಿಡಂಗಿಲ್ಲ" ಎಂದು ಹೇಳಿ ಹೋದ.

ಅವನು ಹೇಳಿದ್ದು ಸುಳ್ಳಲ್ಲ. ತಸ್ಲೀಮ್ ಬಂದ ಮೇಲೆ ನಮ್ಮ ಕಾರ್ಡುಗಳಲ್ಲಿ ವಧುವಿನ ಹೆಸರಿನ ಒತ್ತು ಪಕ್ಕದ ಅಕ್ಷರಕ್ಕೆ ಹೋಗಿ ತಗಲಿಕೊಳ್ಳುವುದು ನಿಂತಿತು. ಜನ ಅಚ್ಚಿನ ಕಾರ್ಡಿನ ಜೊತೆಗೆ ವಾಟ್ಸಾಪಿಗೆ ವಿಡಿಯೋ ಆಮಂತ್ರಣವನ್ನೂ ಕೇಳತೊಡಗಿದಾಗ ಅದನ್ನೂ ಅವಳೇ ಕಲಿತಳು. ಹೂ ಉದುರುವುದು, ದೀಪ ಹೊತ್ತುವುದು, ಬಾಗಿಲು ತೆರೆದು ಗಂಡುಹೆಣ್ಣಿನ ಫೋಟೋ ಕಾಣುವುದು, ಹೀಗೆ. ಮಧ್ಯಾಹ್ನ ಗಿರಾಕಿ ಕಡಿಮೆ. ಆ ಹೊತ್ತಿನಲ್ಲಿ ತನ್ನ ಹಳೆಯ ಲ್ಯಾಪ್‌ಟಾಪ್ ತೆಗೆದು ಅದರೊಳಗೆ ಏನಾದರೊಂದನ್ನು ಕೆತ್ತುತ್ತ ಕೂರುತ್ತಿದ್ದಳು. ಒಂದು ಬಿಂದಿಗೆ, ಒಂದು ಮೊಪೆಡ್, ಒಮ್ಮೆ ನನ್ನ ಕನ್ನಡಕ.

"ಇದನ್ನೆಲ್ಲ ಏನ್ ಮಾಡ್ತೀಯಮ್ಮ?" ಎಂದು ಕೇಳಿದರೆ, "ಗೊತ್ತಿಲ್ಲ ಸರ್, ಸುತ್ತ ತಿರುಗ್ಸಿ ನೋಡಾಕೆ ಚೆಂದ ಐತೆ" ಎನ್ನುತ್ತಿದ್ದಳು.

ಅವಳ ತಾಯಿ ಇಮಾಮ್‌ಬೀಯನ್ನು ನಾನು ಅದಕ್ಕಿಂತ ಮೊದಲೇ ಬಲ್ಲೆ. ನಾನೊಬ್ಬನೇ ಏನು, ಹೊನ್ನಾಳಿ ಚನ್ನಗಿರಿ ಸೀಮೆಯ ಹೆಂಗಸರಿಗೆಲ್ಲ ಆಕೆ ಗೊತ್ತು. ಬಳೆ ಮಾರುವಾಕೆ. ಹೆಗಲ ಮೇಲೆ ಬಳೆಗಳ ಮಲಾರ, ಕೈಯಲ್ಲೊಂದು ತಗಡಿನ ಪೆಟ್ಟಿಗೆ. ಒಂದು ದಿನ ಸಂತೇಬೆನ್ನೂರಿನ ಸಂತೆ, ಮರುದಿನ ಕೆರೆಬಿಳಚಿಯ ಓಣಿಗಳು. ಆಕೆ ಹುಟ್ಟಿದ್ದು ಜಗಳೂರಿನ ಕಡೆ. ಗೌರಿ ಹಬ್ಬ ಹತ್ತಿರ ಬಂದಾಗ ಅಲ್ಲಿಗೆ ಹೋದರೆ, ಅಣ್ಣನ ಮನೆಯಲ್ಲಿ ಉಳಿದು ಸುತ್ತಲಿನ ಹಳ್ಳಿಗಳನ್ನೆಲ್ಲ ಮುಗಿಸಿಕೊಂಡೇ ಬರುವಳು. ನನ್ನ ಹೆಂಡತಿ ಪ್ರೇಮಮ್ಮನ ಕೈ ಬಲು ಬಿಗಿ. ಬೇರೆಯವರು ತೊಡಿಸಿದರೆ ಬಳೆಯೂ ಉಳಿಯದು, ಕೈಯೂ ಉಳಿಯದು. ಇಮಾಮ್‌ಬೀಯಾದರೆ ಮನೆ ಮಾತು ಮಾತಾಡುತ್ತಲೇ ನಾಲ್ಕು ಬೆರಳನ್ನು ಒಟ್ಟು ಹಿಡಿದು, ಹೆಬ್ಬೆರಳ ಬುಡವನ್ನು ಮೆತ್ತಗೆ ಒಳಕ್ಕೆ ಒತ್ತಿ ಏರಿಸಿಬಿಡುವಳು. ಏರಿದ್ದು ಪ್ರೇಮಮ್ಮನಿಗೆ ಗೊತ್ತಾಗುತ್ತಿದ್ದುದು ಕೈಯಲ್ಲಿ ಸದ್ದಾದ ಮೇಲೆಯೇ.

ಕೊರೋನಾ ಮುಗಿದು ಬಸ್ಸುಗಳು ಮತ್ತೆ ತುಂಬಿ ಓಡತೊಡಗಿದ ಕಾಲ. ಕೆರೆಬಿಳಚಿಯಲ್ಲಿ ಬಸ್ಸಿನಿಂದ ಇಳಿಯುವಾಗ ಇಮಾಮ್‌ಬೀ ಕಾಲು ತಪ್ಪಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾಯಿತು, ಮೂಳೆ ಕೂಡಿಕೊಂಡಿತು. ಆದರೆ ಊರೂರು ಅಲೆಯುವುದು ಇನ್ನು ಸಾಧ್ಯವಿಲ್ಲ, ನಾಲ್ಕು ಕಾಲಿನ ಊರುಗೋಲು ಹಿಡಿದು ಅಂಗಳದವರೆಗೆ ಓಡಾಡಿದರೆ ಹೆಚ್ಚು ಎಂದು ವೈದ್ಯರು ಹೇಳಿ ಕಳಿಸಿದರು.

ಮನೆಗೆ ಕೊರತೆಯಿರಲಿಲ್ಲ. ಆಕೆಯ ಗಂಡ ಸುಬಾನಸಾಬ ನ್ಯಾಮತಿಯಲ್ಲಿ ಪಂಪ್‌ಸೆಟ್ಟು, ಪವರ್ ಟಿಲ್ಲರ್ ರಿಪೇರಿಯ ಶೆಡ್ ಇಟ್ಟವನು. ಕೆಲಸ ಕೈತುಂಬ ಇತ್ತು. ಇಮಾಮ್‌ಬೀಗೆ ಹತ್ತಿದ ಕೊರಗು ಬೇರೆ. ಯಾರ ಮಗಳಿಗೆ ಹೆರಿಗೆಯಾಯಿತು, ಯಾರ ಸೊಸೆ ತವರಿನಿಂದ ಬಂದಳು, ಯಾವ ಮನೆಯಲ್ಲಿ ಮದುವೆ ಗೊತ್ತಾಯಿತು ಎಂಬುದೆಲ್ಲ ಆಕೆಗೆ ಅಲ್ಲಿಯವರೆಗೆ ತಾನಾಗಿ ತಿಳಿಯುತ್ತಿತ್ತು. ಈಗ ಗೋಡೆ ನೋಡುತ್ತ ಕೂರಬೇಕು. ಮೊದಮೊದಲು ಫೋನ್ ಮಾಡಿದ ಹೆಂಗಸರು "ಹುಷಾರಾ?" ಎಂದು ಕೇಳಿ, ಮುಂದೆ ಏನು ಮಾತಾಡಬೇಕೆಂದು ತಿಳಿಯದೆ ಇಟ್ಟುಬಿಡುತ್ತಿದ್ದರು. ಬಳೆ ಇಲ್ಲದೆ ಆಕೆಯೊಂದಿಗೆ ಮಾತು ಶುರು ಮಾಡುವುದು ಅವರಿಗೂ ಗೊತ್ತಿರಲಿಲ್ಲವೇನೋ.

ಒಂದು ಭಾನುವಾರ ತಸ್ಲೀಮ್ ತವರಿಗೆ ಹೋದಾಗ ತಾಯಿ ಅವಳ ಕೈಯನ್ನೇ ಹಿಡಿದುಕೊಂಡು, ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತ ಹೇಳಿದಳಂತೆ: "ನನ್ನ ಕೈಯಾಗೆ ಇನ್ನೊಂದು ಕೈ ಬಂದು ಎಷ್ಟು ದಿನ ಆತು ನೋಡು."

ಸೋಮವಾರ ಕೆಲಸಕ್ಕೆ ಬಂದವಳು ನನ್ನ ಮೇಜಿನ ಮುಂದೆ ನಿಂತಳು. "ಸರ್, ಅಮ್ಮಂಗೆ ಒಂದು ಆಟ ಮಾಡ್ಬೇಕು ಅಂತ ಮಾಡೀನಿ. ಮೊಬೈಲ್‌ನಾಗೆ. ಓಣಿ ಇರ್ತೈತೆ, ಮನೆ ಇರ್ತಾವೆ. ಹೆಂಗಸ್ರು ಕರೀತಾರೆ, ಬಳೆ ತೊಡಸ್ಬೇಕು."

"ನಿನಗೆ ಮಾಡಾಕೆ ಬರ್ತದಾ?"

"ಬರಲ್ಲ. ಮೊದ್ಲು ಎಂಜಿನ್ ಯಾವ್ದು ಅಂತ ನೋಡ್ಬೇಕು."

ಆಟಕ್ಕೆ ಎಂಜಿನ್ ಬೇಕೆಂಬುದು ನನಗೆ ಅವತ್ತೇ ತಿಳಿದದ್ದು. ಆಟದೊಳಗಿನ ಮನುಷ್ಯ ನಡೆಯುವುದು, ಕೈಬಿಟ್ಟ ಕಲ್ಲು ಕೆಳಗೆ ಬೀಳುವುದು, ಬೆಳಕಿಗೆ ನೆರಳು ಮೂಡುವುದು, ಬೆರಳು ಮುಟ್ಟಿದರೆ ಸದ್ದಾಗುವುದು, ಇದನ್ನೆಲ್ಲ ಪ್ರತಿಯೊಬ್ಬರೂ ಮೊದಲಿನಿಂದ ಕಟ್ಟಿಕೊಳ್ಳುತ್ತ ಕೂತರೆ ಆಯುಸ್ಸು ಸಾಲದು. ಅದಕ್ಕೆಂದೇ ಸಿದ್ಧವಾಗಿ ಸಿಗುವ ತಂತ್ರಾಂಶಕ್ಕೆ ಗೇಮ್ ಎಂಜಿನ್ ಎನ್ನುತ್ತಾರೆ. ಅದರ ಮೇಲೆ ನಮ್ಮ ಓಣಿ, ನಮ್ಮ ಮನೆ, ನಮ್ಮ ಜನರನ್ನು ಕೂರಿಸಿಕೊಳ್ಳಬೇಕು. ಇಂಥವು ಹಲವು ಇವೆ. ತಸ್ಲೀಮ್ ಮೂರನ್ನು ಆರಿಸಿಕೊಂಡಳು: ಅನ್‌ರಿಯಲ್, ಯೂನಿಟಿ, ಗೋಡಾಟ್.

ಅನ್‌ರಿಯಲ್‌ನಿಂದ ಶುರು ಮಾಡಿದಳು. ಯಾಕೆಂದರೆ ಗಾಜು. ಅದರಲ್ಲಿ ಮಾಡಿದ ಗಾಜು, ನೀರು, ಬಿಸಿಲು ಕಣ್ಣೆದುರಿಗೆ ಇಟ್ಟಂತೆ ಇರುತ್ತವೆ ಎಂದು ಎಲ್ಲರೂ ಹೇಳುತ್ತಿದ್ದರು. ಅವಳ ಲ್ಯಾಪ್‌ಟಾಪಿಗೆ ಅದನ್ನು ಹೊರುವ ಶಕ್ತಿಯಿರಲಿಲ್ಲ. ತೆರೆದ ಕೂಡಲೇ ಗಿರಣಿಯ ಹಾಗೆ ಸದ್ದು ಮಾಡಿ ನಿಂತುಬಿಡುತ್ತಿತ್ತು. ನಮ್ಮ ಬೀದಿಯಲ್ಲೇ ಫೋಟೋ ಸ್ಟುಡಿಯೋ ಇಟ್ಟಿರುವ ಓಂಕಾರ್ ಮದುವೆ ವಿಡಿಯೋ ಜೋಡಿಸಲೆಂದು ದೊಡ್ಡದೊಂದು ಕಂಪ್ಯೂಟರ್ ಇಟ್ಟಿದ್ದ. ಬೆಳಿಗ್ಗೆ ಅಂಗಡಿಗೆ ಜನ ಬರುವವರೆಗೆ ಅದರ ಮುಂದೆ ಕೂರು ಎಂದ. ಸಾದಿಕ್ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅವಳನ್ನು ಅಲ್ಲಿ ಇಳಿಸಿ ಹೋಗುತ್ತಿದ್ದ.

ಕೆಲವು ವಾರಗಳ ಮೇಲೆ ಓಂಕಾರ್ ನನ್ನನ್ನು ಕೂಗಿ ಕರೆದ. ಹೋಗಿ ನೋಡಿದರೆ ಪರದೆಯ ಮೇಲೆ ಒಂದೇ ಒಂದು ಹಸಿರು ಬಳೆ, ಮರದ ಮೇಜಿನ ಮೇಲೆ ನಿಧಾನವಾಗಿ ತಿರುಗುತ್ತಿತ್ತು. ಬೆಳಕು ಅದರೊಳಗೆ ಹೊಕ್ಕು ಮೇಜಿನ ಮೇಲೆ ಹಸಿರು ನೆರಳಾಗಿ ಬಿದ್ದಿತ್ತು. ಒಂದು ಕಡೆ ಸಣ್ಣ ಗುಳ್ಳೆ ಕೂಡ. ನಾನು ಅರಿವಿಲ್ಲದೆ ಪರದೆಗೆ ಕೈ ಹಚ್ಚಿದೆ.

ಒಂದು ಭಾನುವಾರ ಅದರ ವಿಡಿಯೋವನ್ನು ನ್ಯಾಮತಿಗೆ ಒಯ್ದಾಗ ಇಮಾಮ್‌ಬೀ ಫೋನನ್ನು ತೋಳುದ್ದ ದೂರ ಹಿಡಿದು ನೋಡಿ, "ಫಿರೋಜಾಬಾದ್ ಮಾಲು" ಎಂದಳು. "ಎಲ್ಲಿ ತಗಂಡಿ? ಡಜನ್‌ಗೆ ಎಷ್ಟು ಹೇಳಿದ?"

ಒಳ್ಳೆಯ ಗಾಜಿನ ಬಳೆ ಬರುವುದೇ ಆ ಊರಿನಿಂದ; ಮಗಳಿಗೆ ಇದಕ್ಕಿಂತ ದೊಡ್ಡ ಮೆಚ್ಚುಗೆ ಬೇಕಿರಲಿಲ್ಲ. ಆದರೆ ವಿಡಿಯೋ ಬೇರೆ, ಆಟ ಬೇರೆ. ಆಟವನ್ನು ಫೋನಿಗೆ ಇಳಿಸಲು ನೋಡಿದಾಗ ಮೊದಲು ಜಾಗ ಸಾಲಲಿಲ್ಲ. ಸುಬಾನಸಾಬನ ಫೋನಿನಲ್ಲಿದ್ದ ಫೋಟೋಗಳನ್ನೆಲ್ಲ ತೆಗೆದು ಜಾಗ ಮಾಡಿದರೆ, ಬಳೆ ಅರ್ಧ ತಿರುಗಿ ನಿಂತಿತು. ಆತ ಫೋನನ್ನು ಕೈಯಿಂದ ಕೈಗೆ ಬದಲಾಯಿಸುತ್ತ, "ಹಂಚು ಕಾದಂಗೆ ಕಾದೈತಲ್ಲೇ" ಎಂದ. ಬೆಳಕಿನ ಆ ಸೊಬಗನ್ನೆಲ್ಲ ಕಳಚಿ ಹಗುರ ಮಾಡಬಹುದಿತ್ತು. ಹಾಗೆ ಮಾಡಿದರೆ ಅನ್‌ರಿಯಲ್ ಆರಿಸಿದ್ದಕ್ಕೆ ಅರ್ಥವೇ ಉಳಿಯುತ್ತಿರಲಿಲ್ಲ.

ಅದೇ ಭಾನುವಾರ ನಾನೂ ಪ್ರೇಮಮ್ಮನೂ ಇಮಾಮ್‌ಬೀಯನ್ನು ನೋಡಲು ನ್ಯಾಮತಿಗೆ ಹೋಗಿದ್ದೆವು. ಸುಬಾನಸಾಬ ನನ್ನನ್ನು ಶೆಡ್ಡಿಗೆ ಕರೆದೊಯ್ದು ಟೀ ತರಿಸಿ ತನ್ನ ದೂರು ಹೇಳಿಕೊಂಡ.

"ಇವ್ಳು ಎಂಜಿನ್ ಆರಿಸ್ತಾ ಅದಾಳಂತೆ ಸರ್. ನಾನು ಹುಟ್ಟಿದಾಗಿನಿಂದ ಎಂಜಿನ್ ಬಿಚ್ಚೋನು. ನನ್ನನ್ನ ಒಂದು ಮಾತು ಕೇಳಂಗಿಲ್ಲ ನೋಡ್ರಿ."

"ಈಗ ಕೇಳಾಕೇ ಬಂದೀನಿ ಅಬ್ಬಾ" ಎಂದಳು ತಸ್ಲೀಮ್ ನಗುತ್ತ.

"ಹೇಳು ಮತ್ತೆ. ಡೀಸೆಲ್ಲಾ?"

"ಕರೆಂಟು."

ಆತ ಗಂಭೀರವಾಗಿ ತಲೆಯಾಡಿಸಿದ. ಅವಳು ವಿವರಿಸಿದಳು. ಅನ್‌ರಿಯಲ್‌ನಲ್ಲಿ ಅಂದ ಹೆಚ್ಚು, ದೊಡ್ಡ ದೊಡ್ಡ ಕಂಪನಿಗಳು ದೊಡ್ಡ ದೊಡ್ಡ ಆಟ ಮಾಡುವುದು ಅದರಲ್ಲೇ, ಆದರೆ ಭಾರ. ಯೂನಿಟಿಯಲ್ಲಿ ಮೊಬೈಲಿನ ಆಟ ಸಲೀಸು. ಕಲಿಸುವ ವಿಡಿಯೋಗಳು ಲೆಕ್ಕವಿಲ್ಲದಷ್ಟು. ಮನೆ, ಮರ, ಕೈ, ಕಾಲು ಎಲ್ಲ ಸಿದ್ಧವಾಗಿ ಸಿಗುತ್ತವೆ. ಗೋಡಾಟ್ ಬಹಳ ಹಗುರ, ಯಾರಿಗೂ ಸೇರಿದ್ದಲ್ಲ, ಯಾರು ಬೇಕಾದರೂ ಬಿಚ್ಚಿ ನೋಡಬಹುದು; ಆದರೆ ಸಿದ್ಧ ಸಾಮಾನು ಕಡಿಮೆ, ಕಲಿಸುವವರೂ ಕಡಿಮೆ.

"ಮೂರರಾಗೆ ಪಿಕಪ್ ಯಾವ್ದಕ್ಕೆ ಐತೆ?"

"ಅನ್‌ರಿಯಲ್‌ಗೆ."

"ಹಂಗಾರೆ ಅದ್ನೇ ಹಾಕು. ದೊಡ್ಡ ಎಂಜಿನ್ ಇದ್ರೆ ನಾಳೆ ಏರು ಬಂದಾಗ ಬ್ಯಾಸರ ಆಗಲ್ಲ."

"ಫೋನ್ ಹೊರಬೇಕಲ್ಲ ಅಬ್ಬಾ."

"ಫೋನ್ ದೊಡ್ಡದು ತಗಳ್ಳಿ" ಎಂದು ತೀರ್ಮಾನ ಕೊಟ್ಟ ಸುಬಾನಸಾಬ. ಈ ವಿಷಯದಲ್ಲಿ ಆತನ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ.

ತಸ್ಲೀಮ್ ಯೂನಿಟಿಗೆ ಹೋದಳು. ಅಲ್ಲಿ ಕೆಲಸ ಹೇಗೆ ಓಡಿತೆಂದರೆ ನಮಗೆಲ್ಲ ಆಶ್ಚರ್ಯ. ಹಿಂದಿಯಲ್ಲಿ ಪಾಠ ಹೇಳುವ ಯಾರೋ ಒಬ್ಬರ ವಿಡಿಯೋ ನೋಡುತ್ತ, ತನ್ನದೇ ಲ್ಯಾಪ್‌ಟಾಪಿನಲ್ಲಿ, ಪ್ರೆಸ್ಸಿನ ಮೂಲೆಯಲ್ಲಿ ಕೂತೇ ಒಂದು ಓಣಿ ಎಬ್ಬಿಸಿದಳು. ಬೆರಳಿನ ಮೂಳೆಗಳೆಲ್ಲ ಮಡಚುವಂಥ ಕೈಯೊಂದು ಸಿದ್ಧವಾಗಿಯೇ ಸಿಕ್ಕಿತು. ಅದಕ್ಕೆ ಬಣ್ಣ ಬದಲಿಸಿ, ಸುಕ್ಕು ಕೊಟ್ಟು, ಒಂದು ಕೈಗೆ ಹಚ್ಚೆ ಹಾಕಿ ಬೇರೆ ಬೇರೆ ಹೆಂಗಸರ ಕೈ ಮಾಡಿದಳು. ಬಳೆ ಅನ್‌ರಿಯಲ್‌ನಲ್ಲಿ ಕಂಡ ಬಳೆಯಲ್ಲ, ಪ್ಲಾಸ್ಟಿಕ್ಕಿನ ಹೊಳಪು. ಆದರೂ ಆಟ ಫೋನಿನಲ್ಲಿ ನಡೆಯಿತು. ಓಣಿಯಲ್ಲಿ ಹೋದರೆ ಬಾಗಿಲಲ್ಲಿ ಹೆಂಗಸು ನಿಂತು ಕರೆಯುತ್ತಾಳೆ, ತಲೆಯ ಮೇಲೆ ಅವಳ ಹೆಸರು ಮೂಡುತ್ತದೆ, ಯಾವ ಬಳೆ ಬೇಕೆಂದು ಬರಹದಲ್ಲಿ ಕೇಳುತ್ತಾಳೆ. ಒಬ್ಬೊಬ್ಬರೂ ನಿಜವಾದ ಗಿರಾಕಿಗಳೇ. ಎಲ್ಲರಿಗಿಂತ ಮೊದಲ ಮನೆ ಜಗಳೂರಿನ ಲಕ್ಷ್ಮಕ್ಕನದು.

ಲಕ್ಷ್ಮಕ್ಕ ಇಮಾಮ್‌ಬೀಯ ಬಾಲ್ಯದ ಗೆಳತಿ. ಒಂದೇ ಬಾವಿಯಲ್ಲಿ ನೀರು ಸೇದಿದವರು. ಈಗ ಸೊಸೆ ನಾಗರತ್ನಳ ಜೊತೆ ಜಗಳೂರಿನ ಹತ್ತಿರ ಹೊಲಮನೆ ನೋಡಿಕೊಂಡಿರುವ ಅರವತ್ತರ ಮುದುಕಿ. ಆ ಕಡೆಯ ಸೋದರಮಾವನ ಮನೆಗೆ ಹೋದಾಗ ತಸ್ಲೀಮ್ ಅವಳ ಮನೆಗೂ ಹೋಗಿ, ಹುರುಪಿನಿಂದ ನಾಗರತ್ನಳ ಫೋನಿಗೆ ಆಟ ಹಾಕಿ ತೋರಿಸಿದಳು. ನಾಗರತ್ನ ನಗುತ್ತ ಬೆರಳು ಆಡಿಸಿದಳು. ಲಕ್ಷ್ಮಕ್ಕ ಮಾತ್ರ ಫೋನನ್ನು ಹತ್ತಿರಕ್ಕೆ ತಂದು, ದೂರಕ್ಕೆ ಒಯ್ದು ನೋಡಿದಳು.

"ಇದು ಯಾರ ಹೆಸರು?"

"ನಿಮ್ದೇ ಅಕ್ಕಾ."

"ಅಲ್ಲ. ಇದು ನಾನಲ್ಲ" ಎಂದಳು ಲಕ್ಷ್ಮಕ್ಕ. ಸಿಟ್ಟಿರಲಿಲ್ಲ, ಆದರೆ ಮುಖ ಬಾಡಿತ್ತು. "ಸಾಕ್ಷರತೆ ಅಂತ ಬಂದಿದ್ರಲ್ಲ ಆಗ, ಒಂದು ಮಳೆಗಾಲ ಪೂರಾ ಕುಂತು ಕಲ್ತೀನಿ ತಾಯಿ. ಬರಿಯಾಕೆ ಬರೋದು ಅದೊಂದೇ ಪದ. ಹೆಬ್ಬೆಟ್ಟು ಒತ್ತೋದು ಬಿಟ್ಟು ಸಹಿ ಮಾಡೀನಿ. ಅದನ್ನ ಹಿಂಗೆ ಬಿಚ್ಚಿ ಚೆಲ್ಲಿದ್ರೆ ಹೆಂಗೆ?"

ಚನ್ನಗಿರಿಗೆ ಬಂದು ತಸ್ಲೀಮ್ ನನಗೂ ತೋರಿಸಿದಳು. ಲ ಸರಿಯಾಗಿತ್ತು. ಆಮೇಲೆ ಕ, ಷ, ಮ ಒಂದರ ಪಕ್ಕ ಒಂದು ಸಾಲಾಗಿ ನಿಂತಿದ್ದವು. ಒತ್ತುಗಳೆಲ್ಲ ಕೆಳಗಿಳಿದು ಕೂಡಿಕೊಳ್ಳುವ ಬದಲು ಹಗ್ಗ ಹರಿದ ದನಗಳ ಹಾಗೆ ಚೆದುರಿದ್ದವು. ನಮ್ಮ ತಂದೆಯ ಕಾಲದಲ್ಲಿ ಅಚ್ಚುಮೊಳೆ ಜೋಡಿಸುವಾಗ ಒತ್ತಿಗೆ ಪ್ರತ್ಯೇಕ ಸಣ್ಣ ಮೊಳೆ ಇರುತ್ತಿತ್ತು. ಅದನ್ನು ಅಕ್ಷರದ ಕೆಳಗೆ ಕೈಯಿಂದ ಕೂರಿಸಬೇಕಿತ್ತು. ಅದು ಬಿದ್ದುಹೋದರೆ ಹೀಗೇ ಆಗುತ್ತಿತ್ತು. ಯೂನಿಟಿಯಲ್ಲಿ ಅವಳು ಬಳಸಿದ್ದ ಬರಹದ ಭಾಗ ಇಂಗ್ಲಿಷಿನಂಥ ಲಿಪಿಗೆಂದು ಮಾಡಿದ್ದು. ಒಂದಕ್ಷರದ ಪಕ್ಕ ಇನ್ನೊಂದು ಇಡುವುದು ಅದಕ್ಕೆ ಗೊತ್ತು, ಒಂದರ ಕೆಳಗೆ ಇನ್ನೊಂದನ್ನು ಕೂಡಿಸುವುದು ಗೊತ್ತಿಲ್ಲ. ಹೊಸ ಆವೃತ್ತಿಗಳಲ್ಲಿ ಇದಕ್ಕೆ ದಾರಿ ಮಾಡುತ್ತಿದ್ದಾರೆಂದು ಆಮೇಲೆ ಕೇಳಿದೆ.

"ಹೆಸರನ್ನ ಚಿತ್ರ ಮಾಡಿ ಅಂಟ್ಸಿದ್ರೆ?" ಎಂದು ನಾನು ಕೇಳಿದೆ.

ಅದನ್ನೂ ಮಾಡಿದಳು. ಹೆಸರಿನ ಮಟ್ಟಿಗೆ ಸರಿಹೋಯಿತು. ಆದರೆ ಆಟದಲ್ಲಿ ಹೆಂಗಸರು ಆಡುವ ಮಾತು ಒಂದೇ ಎರಡೇ? ಪ್ರತಿ ಮಾತನ್ನೂ ಚಿತ್ರ ಮಾಡಿ ಅಂಟಿಸಬೇಕು, ಒಂದು ಅಕ್ಷರ ತಿದ್ದಬೇಕಾದರೂ ಹೊಸ ಚಿತ್ರ ಬರೆಯಬೇಕು. ಅಂಟಿಸಿ ಅಂಟಿಸಿ ಸಾಕಾಗಿ ತಾಯಿಗೆ ಫೋನ್ ಮಾಡಿದಳು.

"ನನಗೆ ಕನ್ನಡ ಓದಾಕೆ ಬರಲ್ಲ, ಬರಹಾನೇ ತೆಗ್ದುಹಾಕು" ಎಂದಳು ಇಮಾಮ್‌ಬೀ. ಆಮೇಲೆ ಕೇಳಿದಳು: "ಲಕ್ಷ್ಮಕ್ಕ ಬ್ಯಾಸರ ಮಾಡ್ಕೊಂಡ್ಲಾ?"

"ಹೂಂ ಅಮ್ಮ."

"ಹಂಗಾರೆ ಸರಿ ಮಾಡು."

ಗೋಡಾಟ್‌ನ ಹೊಸ ಆವೃತ್ತಿ ಆಗಷ್ಟೇ ಬಂದಿತ್ತು. ತಸ್ಲೀಮ್ ಅದನ್ನು ಇಳಿಸಿಕೊಂಡು, ಬೇರೇನೂ ಮಾಡದೆ, ಖಾಲಿ ಪರದೆಯ ಮೇಲೆ ಲಕ್ಷ್ಮಕ್ಕ ಎಂದಷ್ಟೇ ಬರೆದಳು. "ಸರ್, ಬರ್ರಿ ಇಲ್ಲಿ" ಎಂದು ಕೂಗಿದ್ದು ಬೀದಿಗೆಲ್ಲ ಕೇಳಿರಬೇಕು. ಕ, ಅದರ ಕೆಳಗೆ ಷ, ಅದರ ಮಗ್ಗುಲಲ್ಲಿ ಮ, ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ಸಂತೇಬೆನ್ನೂರು, ಕೃಷ್ಣಮ್ಮ, ಇಮಾಮ್‌ಬೀ, ಬಾಯಿಗೆ ಬಂದ ಹೆಸರನ್ನೆಲ್ಲ ಹೇಳಿ ಬರೆಸಿದೆ. ಒಂದೂ ತಪ್ಪಲಿಲ್ಲ.

ಸಂತೋಷ ಊಟದ ಹೊತ್ತಿನವರೆಗೆ ಇತ್ತು. ಆಮೇಲೆ ಅವಳು ತಲೆಯ ಮೇಲೆ ಕೈ ಹೊತ್ತು ಕೂತಳು. ಯೂನಿಟಿಯಲ್ಲಿ ಕಟ್ಟಿದ ಓಣಿಯನ್ನು ಎತ್ತಿ ತಂದು ಇಲ್ಲಿಡಲು ಬರುವುದಿಲ್ಲ. ಆಟಕ್ಕೆ ಆಜ್ಞೆ ಬರೆಯಲು ಅಲ್ಲಿ ಕಲಿತ ಕಂಪ್ಯೂಟರ್ ಭಾಷೆಯೂ ಇಲ್ಲಿಯದಲ್ಲ. ಬೆರಳು ಮಡಚುವ ಕೈಯನ್ನು ತಂದರೂ ಅದು ಹೆಬ್ಬೆರಳನ್ನು ಹಿಂದಕ್ಕೆ ತಿರುವಿಕೊಂಡು ನಿಂತಿತು. ತೊಂದರೆ ಬಂದರೆ ನೋಡಿ ಕಲಿಯಲು ಹಿಂದಿಯ ಆ ಗುರುವೂ ಇಲ್ಲಿರಲಿಲ್ಲ. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸಂಜೆ ಕರೆದೊಯ್ಯಲು ಬಂದ ಸಾದಿಕ್ ವಿಷಯ ಕೇಳಿಕೊಂಡ. ಅವನಿಗೆ ಇದರಲ್ಲಿ ಏನೂ ತಿಳಿಯದು. ಬೈಕನ್ನು ಸ್ಟ್ಯಾಂಡ್ ಹಾಕಿ ಬಂದು ಪಕ್ಕದಲ್ಲಿ ಕೂತು ಕೇಳಿದ: "ಆ ಕೈ ಉಬ್ಬಿ ಕಾಣ್ಬೇಕು ಅಂತ ಯಾರು ಹೇಳಿದ್ರು? ಬರೀ ಚಿತ್ರ ಇದ್ರೆ ಆಗಲ್ವಾ?"

ಅವಳು ಅವನನ್ನೇ ನೋಡಿದಳು. ಮರುದಿನದಿಂದ ಓಣಿಯನ್ನು ಉಬ್ಬುಚಿತ್ರದಂತೆ ಕಟ್ಟುವುದನ್ನು ಬಿಟ್ಟು, ಹಾಳೆಯ ಮೇಲಿನ ಚಿತ್ರದ ಹಾಗೆ ಚಪ್ಪಟೆಯಾಗಿ ಬರೆಯತೊಡಗಿದಳು. ಗೋಡಾಟ್‌ಗೆ ಇಂಥ ಆಟವೆಂದರೆ ನೀರು ಕುಡಿದಷ್ಟು ಸುಲಭ. ಬಳೆಗಳನ್ನು ಬರೆಯಲೂ ಇಲ್ಲ. ನ್ಯಾಮತಿಯ ಅಂಗಳದಲ್ಲಿ ಬಿಳಿ ಪಂಚೆ ಹಾಸಿ, ತಾಯಿಯ ಪೆಟ್ಟಿಗೆಯಲ್ಲಿ ಉಳಿದಿದ್ದ ಬಳೆಗಳನ್ನು ಒಂದೊಂದಾಗಿ ಇಟ್ಟು, ಓಂಕಾರನ ಕ್ಯಾಮೆರಾದಲ್ಲಿ ಫೋಟೋ ತೆಗೆದಳು. ಸದ್ದಿಗೆ ಇಮಾಮ್‌ಬೀಯೇ ಬಳೆಗಳನ್ನು ಆಡಿಸಿದಳು. ಪಕ್ಕದ ಮನೆಯ ಮಿಕ್ಸಿ ನಿಲ್ಲುವವರೆಗೆ ಕಾದು, ಸುಬಾನಸಾಬನ ಸುತ್ತಿಗೆ ನಿಲ್ಲಿಸಿ, ಕೋಳಿಯನ್ನು ಓಡಿಸಿ, ಅಂತೂ ಹಿಡಿದರು.

ಅಲ್ಲಿಂದ ಮುಂದೆ ಆಟದ ಯಜಮಾನಿಕೆ ಇಮಾಮ್‌ಬೀಯ ಕೈಗೆ ಹೋಯಿತು. ಮೊದಲ ಸಲ ಆಡಿದಾಗ ಬೆರಳಿನ ಹೆಚ್ಚು ಒತ್ತಡಕ್ಕೆ ಬಳೆ ಮುರಿಯಿತು; ಪರದೆಯ ಮೇಲೆ ಬಂದ ಬರಹವನ್ನು ಮಗಳು ಓದಿ ಹೇಳಿದಳು: "ಬಳೆ ಒಡೆಯಿತು."

"ಥೂ, ತೆಗಿ ಅದನ್ನ!" ಎಂದಳು ಇಮಾಮ್‌ಬೀ. "ಮುತ್ತೈದೆ ಮುಂದೆ ಒಡೀತು ಅಂತಾರೇನೇ? ಹೆಚ್ಚಿತು ಅನ್ನು."

ಬರಹ 'ಬಳೆ ಹೆಚ್ಚಿತು' ಎಂದಾಯಿತು. ಬೇಗ ಬೇಗ ತೊಡಿಸಲೆಂದು ಇಟ್ಟಿದ್ದ ಗಡಿಯಾರವೂ ಹೋಯಿತು. "ಬಳೆ ತೊಡ್ಸಾಕೆ ಓಡ್ತಾರಾ ಯಾರಾದ್ರೂ?" ಅಂಕಗಳು ಹೋದವು. ಬದಲಿಗೆ ಗಿರಾಕಿ ನೋವಿಗೆ 'ಸ್' ಎಂದಳೆಂದರೆ ಕೈ ಸಡಿಲ ಮಾಡಬೇಕು. ಮೂರು ಸಲ ನೋವು ಮಾಡಿದರೆ ಮುಂದಿನ ಹಬ್ಬಕ್ಕೆ ಆ ಮನೆಯ ಬಾಗಿಲು ತೆರೆಯುವುದಿಲ್ಲ. ಬಾಣಂತಿಯ ಕೈ ಊದಿರುತ್ತದೆ, ಒಂದು ಅಳತೆ ದೊಡ್ಡದು ಕೊಡಬೇಕು. ಸಂತೇಬೆನ್ನೂರಿನ ಚೌಡಕ್ಕ ಕೆಂಪು ಬಳೆ ಕೇಳುತ್ತಾಳೆ, ಕೊನೆಗೆ ಹಸಿರನ್ನೇ ತೆಗೆದುಕೊಳ್ಳುತ್ತಾಳೆ. ಅದಕ್ಕೆ ಕೆಂಪು ತೋರಿಸಿ ಹೊತ್ತು ಕಳೆಯಬಾರದು. ತಸ್ಲೀಮ್ ಎಲ್ಲವನ್ನೂ ಹಾಗೆಯೇ ಬರೆದು ಸೇರಿಸಿದಳು.

ಆದರೆ ಒಂದು ಮಾತನ್ನು ಇಮಾಮ್‌ಬೀ ಮುಚ್ಚಿಡಲಿಲ್ಲ. "ಆ ಮೊದಲ್ನೇದು ಇತ್ತಲ್ಲ, ತಿರುಗೋದು, ಅದರ ಚೆಂದ ಇದಕ್ಕಿಲ್ಲ ಬಿಡು."

"ಇಲ್ಲ ಅಮ್ಮ" ಎಂದು ತಸ್ಲೀಮ್ ಒಪ್ಪಿಕೊಂಡಳು.

ಸಿದ್ಧವಾದ ಆಟ ಒಂದು ಮದುವೆ ವಿಡಿಯೋಗಿಂತ ಚಿಕ್ಕದಾಗಿತ್ತು. ನಾಗರತ್ನಳ ಹಳೆಯ ಫೋನಿಗೆ ವಾಟ್ಸಾಪಿನಲ್ಲೇ ಕಳಿಸಿದಳು. ಸಂಜೆ ನಾಗರತ್ನ ಫೋನ್ ಮಾಡಿ, "ಅತ್ತೆ ಹೆಸರು ನೋಡಿದ್ರು ಕಣೇ" ಎಂದಳು. "ಬೆರಳಿಟ್ಟು ಒಂದೊಂದೇ ಅಕ್ಷರ ಓದಿದ್ರು. ಆಮೇಲೆ ಪಕ್ಕದ ಮನೆಯೋರ್ನ ಕರ್ದು ತೋರ್ಸಿದ್ರು. ಈಗ ಫೋನು ನನ್ ಕೈಗೆ ಕೊಡವಲ್ರು."

ನಾಗರತ್ನಳ ಫೋನಿನಿಂದ ಆಟ ಅವಳ ಅಕ್ಕತಂಗಿಯರಿಗೆ ಹೋಯಿತು. ಅಲ್ಲಿಂದ ಹೇಗೋ ಸಂತೇಬೆನ್ನೂರಿಗೆ ಬಂತು. ಚೌಡಕ್ಕ ತನ್ನನ್ನು ನೋಡಿಕೊಂಡು ಖುಷಿಪಟ್ಟು, ಬಾಗಿಲಲ್ಲಿ ತನ್ನ ನಾಯಿಯೂ ಇರಬೇಕೆಂದು ಹೇಳಿ ಕಳಿಸಿದಳು. ಕೆರೆಬಿಳಚಿಯವರು ತಮ್ಮ ಊರು ಯಾಕಿಲ್ಲ ಎಂದು ಕೇಳಿದರು. ಯಾರನ್ನು ಸೇರಿಸಬೇಕಾದರೂ ಇಮಾಮ್‌ಬೀಯ ಒಪ್ಪಿಗೆ ಬೇಕು, ಕೈಯ ವಿವರ ಬೇಕು. ಹಾಗಾಗಿ ಹೆಂಗಸರು ಆಕೆಗೆ ಫೋನ್ ಮಾಡತೊಡಗಿದರು. ಈಗ ಮಾತಿಗೆ ತುದಿ ಸಿಕ್ಕಿತ್ತು. "ಈಗ ಯಾವ ಅಳತೆ ತೊಡ್ತೀಯ? ದಪ್ಪ ಆಗೀಯಾ? ಯಾಕೆ, ವಿಶೇಷ ಏನಾದ್ರೂ ಐತಾ?" ಎಂದು ಇಮಾಮ್‌ಬೀ ಶುರು ಮಾಡಿದರೆ ಊರಿನ ಸುದ್ದಿಯೆಲ್ಲ ಬಂದು ಬೀಳುತ್ತಿತ್ತು. ಆಕೆ ಆಟ ಆಡಿದ್ದು ಅಪರೂಪ. ಆಟಕ್ಕೆ ಬೇಕಾದ್ದನ್ನು ವಿಚಾರಿಸುವುದರಲ್ಲೇ ಆಕೆಯ ದಿನ ತುಂಬಿಹೋಗುತ್ತಿತ್ತು.

ಆ ವರ್ಷದ ಗೌರಿ ಹಬ್ಬಕ್ಕೆ ಮುಂಚೆ ಲಕ್ಷ್ಮಕ್ಕ ತಾನೇ ಹೊರಟಳು. ನಾಗರತ್ನಳನ್ನು ಕರೆದುಕೊಂಡು ದಾವಣಗೆರೆಯಲ್ಲಿ ಬಸ್ ಬದಲಿಸಿ, ಹೊನ್ನಾಳಿಯಲ್ಲಿ ಇನ್ನೊಮ್ಮೆ ಬದಲಿಸಿ ನ್ಯಾಮತಿಗೆ ಬಂದಳು. ತಸ್ಲೀಮ್ ನಮಗೂ ಹೇಳಿದ್ದರಿಂದ ಪ್ರೇಮಮ್ಮ ನನ್ನನ್ನು ಎಳೆದುಕೊಂಡು ಹೋದಳು. ಹೋಗುವಷ್ಟರಲ್ಲಿ ಅಂಗಳದಲ್ಲಿ ಹತ್ತಾರು ಹೆಂಗಸರು. ಇಮಾಮ್‌ಬೀ ಕುರ್ಚಿಯಲ್ಲಿ, ಕಾಲಿನ ಬಳಿ ಪೆಟ್ಟಿಗೆ ಬಿಚ್ಚಿಟ್ಟುಕೊಂಡು ಕೂತಿದ್ದಳು. ಲಕ್ಷ್ಮಕ್ಕ ಎದುರಿಗೆ ಮಣೆಯ ಮೇಲೆ ಕೂತು ಕೈ ಚಾಚಿದ್ದಳು.

"ಕೈ ಒಣಗಿಬಿಟ್ಟೈತಲ್ಲೇ ಲಕ್ಷ್ಮೀ."

"ನಿನ್ನದೇನು ಹಸಿರಾಗೈತಾ? ತೊಡ್ಸು ಸುಮ್ನೆ."

ಇಮಾಮ್‌ಬೀ ನಾಲ್ಕು ಬೆರಳನ್ನು ಒಟ್ಟುಗೂಡಿಸಿ ಹಿಡಿದಳು. ಹಿಡಿದವಳು ಬಹಳ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದಳು. ಆಮೇಲೆ ಬಳೆ ಏರಿತು. ನನ್ನ ಹೆಂಡತಿಯ ಸರದಿ ಬಂದಾಗ ಸುಬಾನಸಾಬ ಮತ್ತೆ ನನ್ನನ್ನು ಶೆಡ್ಡಿಗೆ ಎಳೆದುಕೊಂಡು ಹೋಗಿ ಟೀ ತರಿಸಿದ.

ಅದಾದ ಮೇಲೆ ಪ್ರತಿ ಹಬ್ಬಕ್ಕೂ ಅಂಗಳಕ್ಕೆ ಹೆಂಗಸರು ಬರುತ್ತಿದ್ದಾರೆ. ತಸ್ಲೀಮ್ ಈಗಲೂ ನಮ್ಮ ಪ್ರೆಸ್ಸಿನಲ್ಲೇ ಇದ್ದಾಳೆ, ಅರ್ಧ ದಿನ. ಮಿಕ್ಕ ಅರ್ಧ ಅವಳದೇ ಕೆಲಸ. ಮೂರು ಎಂಜಿನ್‌ಗಳಲ್ಲಿ ಯಾವುದು ಮೇಲು ಎಂದು ಯಾರಾದರೂ ಕೇಳಿದರೆ ಅವಳು ನೇರವಾಗಿ ಉತ್ತರ ಕೊಡುವುದಿಲ್ಲ; ಏನು ಮಾಡಬೇಕು, ಯಾರಿಗೆ, ಅವರ ಕೈಯಲ್ಲಿ ಯಾವ ಫೋನ್ ಇದೆ ಎಂದು ಮೂರು ಮರುಪ್ರಶ್ನೆ ಹಾಕುತ್ತಾಳೆ. ಓಂಕಾರನ ಸ್ಟುಡಿಯೋದಲ್ಲಿ ಮದುವೆ ಮಂಟಪ ಹೇಗೆ ಕಾಣುತ್ತದೆಂದು ಗಿರಾಕಿಗಳಿಗೆ ಮೊದಲೇ ತೋರಿಸುವ ಕೆಲಸಕ್ಕೆ ಅವಳು ಅನ್‌ರಿಯಲ್ ಬಳಸುತ್ತಾಳೆ. ಅಲ್ಲಿ ಅಂದವೇ ಮುಖ್ಯ, ತೋರಿಸುವುದು ದೊಡ್ಡ ಕಂಪ್ಯೂಟರಿನಲ್ಲೇ.

ಈ ಸಲ ಅವಳು ಹಿಡಿದಿರುವುದು ಬೇರೆಯದೇ ಆಟ. ಜಗಳೂರಿನ ಹತ್ತಿರ ರಂಗಯ್ಯನದುರ್ಗದ ಕಾಡಿನಲ್ಲಿ ಕೊಂಡುಕುರಿ ಎಂಬ ಪ್ರಾಣಿ ಇದೆ. ಗಂಡಿಗೆ ನಾಲ್ಕು ಕೊಂಬು, ಬಲು ನಾಚಿಕೆ ಸ್ವಭಾವ. ಆ ಕಡೆಯ ಶಾಲೆಯೊಂದರ ಮೇಷ್ಟ್ರು ಮಕ್ಕಳಿಗೆ ಅದರ ಆಟ ಬೇಕೆಂದು ಕೇಳಿದ್ದಾರೆ. ಕುರುಚಲು ಕಾಡು, ಬಂಡೆ, ಹುಲ್ಲು, ಓಡುವ ಪ್ರಾಣಿ, ಎಲ್ಲ ಉಬ್ಬಿ ಕಾಣಬೇಕು. ಬರಹ ಹೆಚ್ಚು ಬೇಡ. ಅದಕ್ಕೆ ಯೂನಿಟಿಗೆ ಮರಳಿದ್ದಾಳೆ.

ಕಳೆದ ವಾರ ಸಾದಿಕ್ ಅವಳನ್ನು ಬೈಕಿನಲ್ಲಿ ಅಲ್ಲಿಗೆ ಕರೆದೊಯ್ದಿದ್ದ. ಅರಣ್ಯದವರ ಅನುಮತಿ ಪಡೆದು, ಹಳ್ಳದ ದಂಡೆಯಲ್ಲಿ ಬೆಳಗಿನ ಹೊತ್ತು ಕೂತರಂತೆ. ಕೊಂಡುಕುರಿ ನಡೆಯುವುದನ್ನು ಕಣ್ಣಾರೆ ನೋಡದೆ ಅದನ್ನು ಆಟದಲ್ಲಿ ನಡೆಸಲಾರೆನೆಂದು ಅವಳ ಹಟ. ಬಿಸಿಲೇರಿದರೂ ಪ್ರಾಣಿ ಬರಲಿಲ್ಲ. ನವಿಲು ಬಂದವು, ಒಂದು ಮೊಲ ಬಂತು.

"ವಾಪಸ್ ಬರ್ವಾಗ ಇವ್ರಿಗೇ ಬ್ಯಾಸರ ಸರ್, ನನಗಲ್ಲ" ಎಂದು ಅವಳು ನಗುತ್ತ ಹೇಳಿದಳು. "ಮುಂದಿನ ಭಾನ್ವಾರ ಡಬ್ಬಿ ಕಟ್ಕೊಂಡು ಹೋಗಾಣ ಅಂತ ಇವ್ರೇ ಅಂತಾರೆ."

ಬಾಗಿಲಲ್ಲಿ ನಿಂತಿದ್ದ ಸಾದಿಕ್ ಹೆಲ್ಮೆಟ್ಟಿನ ಧೂಳು ಒರೆಸುವುದನ್ನು ನಿಲ್ಲಿಸಿ, ಹಳ್ಳದ ಮರಳಿನಲ್ಲಿ ಕಂಡ ಕೊಂಡುಕುರಿಯ ಗೊರಸಿನ ಗುರುತನ್ನು ಆ ಧೂಳಿನಲ್ಲೇ ನನಗೆ ಬೆರಳಲ್ಲಿ ಬರೆದು ತೋರಿಸತೊಡಗಿದ.